ಹೆಪ್ಪು ನೀರು

ಆ ಊರು ಯಾವ ದಿಕ್ಕಿಗಿದೆ ಅಂತ ನನ್ನನ್ನು ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ದಿಕ್ಕು ತೋರಿಸಿದ್ದೇನೆ, ಒಬ್ಬರೂ ತಲುಪಿದ ಹಾಗೆ ಕಾಣೆ. ಒಂದೇ ಬೀದಿಯ ಊರು. ಬೀದಿಯ ಈ ತುದಿಗೆ ಬಾವಿ, ಆ ತುದಿಗೆ ಅತ್ತಿಮರ, ಮರದ ಬುಡಕ್ಕೆ ನೀರು ಸುರಿಯುವ ಒಂದು ಕಲ್ಲುದೋಣಿ. ನಡುವೆ ಎರಡೂ ಕಡೆ ಮನೆಗಳು. ಪ್ರತಿ ಮನೆಯ ಒಳಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ನಾಲ್ಕು ಕೊಡ ನೀರು, ನೀರಿನಲ್ಲಿ ಮೀನು. ಮನೆಯಲ್ಲಿ ಎಷ್ಟು ಜನವೋ ಅಷ್ಟೇ ಮೀನು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಕೇಳುವುದಕ್ಕೆ ಚೆಂದ. ಸಾಕಿ ನೋಡಿದವರಿಗೆ ಗೊತ್ತು.

ಹೊಸದಾಗಿ ಮನೆ ಹೂಡಿದವರಿಗೆ ಊರೇ ತೊಟ್ಟಿ ಕೊಡುತ್ತಿತ್ತು, ಮೀನೂ ಕೊಡುತ್ತಿತ್ತು. ಆದರೆ ತೊಟ್ಟಿಗೆ ಬರೀ ಬಾವಿ ನೀರು ತುಂಬಿ ಮೀನು ಬಿಡುವ ಹಾಗಿರಲಿಲ್ಲ. ಬಾವಿಯ ನೀರು ಏನೂ ಅರಿಯದ ನೀರು, ಅದರಲ್ಲಿ ಮೀನು ಬಾಳುವುದಿಲ್ಲ ಅನ್ನುತ್ತಿದ್ದರು. ಹಾಲಿಗೆ ಹೆಪ್ಪು ಬೇಕಲ್ಲ, ಹಾಗೆ. ನೆಲೆ ನಿಂತ ಮನೆಯೊಂದರ ತೊಟ್ಟಿಯಿಂದ ಒಂದು ಕೊಡ ಹಳೇ ನೀರು ತಂದು ಹೊಸ ತೊಟ್ಟಿಗೆ ಸುರಿದರೆ ಆ ಮನೆ ಶುರುವಾಯಿತು ಅಂತ ಅರ್ಥ. ಅದಕ್ಕೆ ಹೆಪ್ಪು ನೀರು ಅಂತ ಹೆಸರು. ಹೆಪ್ಪು ಕೇಳಿಕೊಂಡು ಬಂದವರಿಗೆ ಯಾರೂ ಇಲ್ಲ ಅನ್ನಬಾರದು. ಸುರಿಯುವಾಗ ಹೊಸ ಮನೆಯವರು ಕಣ್ಣು ಮುಚ್ಚಿಕೊಂಡಿರಬೇಕು. ಆಮೇಲೆ ಮೂರು ಎಂಟು ದಿನ, ಅಂದರೆ ಇಪ್ಪತ್ತನಾಲ್ಕು ದಿನ, ಮೀನು ಬದುಕಿದರೆ ಮನೆ ನಿಂತಿತು. ಅಷ್ಟರೊಳಗೆ ತೊಟ್ಟಿ ಬರಿದಾದರೆ ಊರು ಆ ಮನೆಯ ಬಾಗಿಲು ಹಾಕಿ, ಇದ್ದವರನ್ನು ಬಂದ ಕಡೆಗೇ ಕಳಿಸುತ್ತಿತ್ತು.

ಹೆಪ್ಪು ಬಿದ್ದ ಮೇಲೆ ಎಂಟು ದಿನಕ್ಕೊಮ್ಮೆ ಒಂದು ಕೊಡ ನೀರು ತೆಗೆಯಬೇಕು. ಅದನ್ನು, ಕೊಡದ ಬಾಯಿ ಮುಚ್ಚದೆ, ಬೀದಿಯುದ್ದಕ್ಕೂ ಹೊತ್ತುಕೊಂಡು ಹೋಗಿ ಅತ್ತಿಮರದ ಕೆಳಗಿನ ದೋಣಿಗೆ ಸುರಿಯಬೇಕು. ಸುರಿಯುವಾಗ "ಕಾಲು ಹೋಗಲಿ, ಮುಕ್ಕಾಲು ನಿಲ್ಲಲಿ" ಅನ್ನಬೇಕು. ಹಿಂದಿನ ದಿನ ಬಾವಿಯಿಂದ ಸೇದಿ ಅಂಗಳದಲ್ಲಿ ಕೂರಿಸಿದ್ದ ಒಂದು ಕೊಡ ನೀರನ್ನು ತೊಟ್ಟಿಗೆ ತುಂಬಬೇಕು. ಕೆಲಸ ಇಷ್ಟೇ. ಮನೆಯೊಳಗೆ ಆಡಿದ ಮಾತು, ಆಡದೆ ನುಂಗಿದ ಮಾತು, ಹುಳಿಯಾದದ್ದು, ಹಳಸಿದ್ದು ಎಲ್ಲ ಆ ನೀರಿಗೆ ಇಳಿಯುತ್ತದೆ ಅಂತ ಊರಿನವರ ನಂಬಿಕೆ. ಹಾಗಾಗಿ ಒಬ್ಬರು ಕೊಡ ಹೊತ್ತು ಬರುವಾಗ ಬೀದಿಯಲ್ಲಿದ್ದವರೆಲ್ಲ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಒಂದು ಮನೆಯ ನೀರನ್ನು ಇನ್ನೊಂದು ಮನೆಯವರು ನೋಡಬಾರದು. ಅದು ಮರ್ಯಾದೆ.

ದೋಣಿಯ ಪಕ್ಕದಲ್ಲಿ ಅಳತೆಯಜ್ಜಿ ಕೂತಿರುತ್ತಿದ್ದಳು. ಅವಳಿಗೆ ಕಣ್ಣು ಅಷ್ಟಕ್ಕಷ್ಟೆ. ಕೈಯಲ್ಲಿ ಒಂದು ಗೀರು ಹಾಕಿದ ಕೋಲು. ಕೊಡಕ್ಕೆ ಕೋಲು ಇಳಿಸಿ, ಒದ್ದೆ ಗೀರಿನವರೆಗೆ ಬಂದಿದೆಯೋ ಇಲ್ಲವೋ ಅಂತ ಬೆರಳಿನಿಂದ ಮುಟ್ಟಿ ನೋಡಿ, ಸರಿ ಅನ್ನುತ್ತಿದ್ದಳು.

ಈ ಊರಿಗೆ ಹೊರಗಿನಿಂದ ಒಬ್ಬ ಹಾಸಿಗೆ ತುಂಬುವವನು ಹೆಂಡತಿಯನ್ನು ಕರೆದುಕೊಂಡು ಬಂದ. ಕೈಕಸುಬಿನಲ್ಲಿ ಅವನನ್ನು ಮೀರಿಸುವವರಿಲ್ಲ ಬಿಡಿ. ಹತ್ತಿ ಮುಟ್ಟಿದರೆ ಸಾಕು, ಅದು ಯಾವ ಕಾಲದ್ದು, ಎಷ್ಟು ಜನ ಅದರ ಮೇಲೆ ಮಲಗಿದ್ದಾರೆ ಅಂತ ಆ ಕೈ ಹೇಳುತ್ತಿತ್ತು. ಆದರೆ ಮನುಷ್ಯನಿಗೆ ಒಂದು ರೋಗ. ಕಲೆ ಕಂಡರೆ ಆಗದು, ಹಳತು ಕಂಡರೆ ಆಗದು, ನಾಲ್ಕು ಜನ ಏನಂದುಕೊಂಡಾರು ಅನ್ನುವುದೇ ಮೂರು ಹೊತ್ತಿನ ಚಿಂತೆ.

ಹೆಂಡತಿ ತವರಿನಿಂದ ಒಂದು ಹಳೇ ಹಾಸಿಗೆ ತಂದಿದ್ದಳು. ಅವಳ ತಾಯಿ ಮಲಗಿದ್ದು, ತಾಯಿಯ ತಾಯಿ ಮಲಗಿದ್ದು. ಅಲ್ಲಲ್ಲಿ ಗಂಟು, ನಡುವೆ ತಗ್ಗು, ಹತ್ತಿ ಕೆನೆಯ ಬಣ್ಣಕ್ಕೆ ತಿರುಗಿತ್ತು. ಇಂಥದ್ದನ್ನು ಹಾಸಿಗೆಯವನ ಮನೆಯಲ್ಲಿ ಯಾರಾದರೂ ಕಂಡರೆ ಗತಿಯೇನು! ಕಸುಬಿನ ಪದ್ಧತಿಯೆಂದರೆ ಹಳೇ ಹತ್ತಿಯನ್ನು ಬಿಸಿಲಿಗೆ ಹಾಕಿ, ಬಿಡಿಸಿ, ಅದಕ್ಕೆ ಒಂದಷ್ಟು ಹೊಸದು ಬೆರೆಸಿ ತುಂಬುವುದು. ಊರಿನವರಿಗೆಲ್ಲ ಅವನು ಮಾಡಿಕೊಡುತ್ತಿದ್ದದ್ದೂ ಹಾಗೆಯೇ. ತನ್ನ ಮನೆಯದಕ್ಕೆ ಮಾತ್ರ ಆ ಪದ್ಧತಿ ಬೇಡವಾಯಿತು. ಊರಿಗೆ ಬಂದ ಮೊದಲನೇ ದಿನವೇ ಹಾಸಿಗೆ ಸೀಳಿ, ಒಂದು ಹಿಡಿ ಬಿಡದೆ ಅಷ್ಟನ್ನೂ ಹಿತ್ತಿಲಿಗೆ ಎಸೆದು, ಹೊಚ್ಚಹೊಸ ಬಿಳೀ ಹತ್ತಿ ತುಂಬಿದ. "ಈ ಕಸ ಹೊತ್ತುಕೊಂಡು ಬರೋಕೆ ನಾಚಿಕೆ ಆಗಲಿಲ್ವಾ ನಿನಗೆ?" ಅಂದ. ಹೆಂಡತಿ ಎದ್ದು ಹಿತ್ತಿಲಿಗೆ ಹೋದಳು. ಹೊಸ ಹಾಸಿಗೆಯ ಮೇಲೆ ಅವಳಿಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ.

ಮಾರನೆಯ ದಿನ ಎದುರುಮನೆಯಾಕೆ ಬಂದು ಹೆಪ್ಪು ನೀರು ಸುರಿದಳು. ಗಂಡಹೆಂಡಿರು ಕಣ್ಣು ಮುಚ್ಚಿ ನಿಂತಿದ್ದರು. ಮಿಕ್ಕ ಮೂರು ಕೊಡ ಬಾವಿ ನೀರು ತುಂಬಿ ಎರಡು ಮೀನು ಬಿಟ್ಟರು. ಒಂದು ಕೆಂಪು, ಒಂದು ಬೂದು. ಮೀನು ಮೂಲೆ ಮೂಲೆ ಸುತ್ತಿ ಮನೆ ನೋಡಿಕೊಂಡವು. ಅವತ್ತೊಂದು ದಿನ ಅವನಿಗೆ ನಿಜವಾಗಿ ಸಂತೋಷವಾಗಿತ್ತು.

ನಾಲ್ಕನೇ ದಿನಕ್ಕೆ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಆರನೇ ದಿನಕ್ಕೆ ಮೀನು ಮಸುಕು ಮಸುಕಾಗಿ ಕಾಣತೊಡಗಿದವು. ಎಂಟನೇ ದಿನ ಅವನು ಹಿತ್ತಾಳೆ ಕೊಡದಲ್ಲಿ ನೀರು ಮೊಗೆದು ಸೊಂಟಕ್ಕೆ ಎತ್ತಿಕೊಂಡಾಗ ಸಣ್ಣಗೆ ವಾಸನೆಯೂ ಬಂತು. ಬೀದಿಗೆ ಇಳಿದ. ಕಟ್ಟೆಯ ಮೇಲಿದ್ದವರು ಗೋಡೆಗೆ ತಿರುಗಿದರು. ಬೀಸುತ್ತಿದ್ದವರು, ಬಟ್ಟೆ ಒಣಗಿಸುತ್ತಿದ್ದವರು ಎಲ್ಲರೂ ತಿರುಗಿದರು. ಎದುರುಮನೆಯಾಕೆಯೂ ತಿರುಗಿದ್ದಳು. ಅವನು ಪಕ್ಕಕ್ಕೆ ಬಂದಾಗ ಮಾತ್ರ ಅವಳು ಕತ್ತು ಹೊರಳಿಸಿ ಕೊಡದೊಳಕ್ಕೆ ನೋಡಿದಳು. ಬಾಯಿ ತೆರೆದಳು, ಏನೋ ಅನ್ನಬೇಕೆಂದವಳು ಅನ್ನದೆ ಮತ್ತೆ ಗೋಡೆಗೆ ತಿರುಗಿದಳು.

ಅಷ್ಟೇ ಆದದ್ದು. ಆದರೆ ಅವನಿಗೆ ಬೀದಿಯಲ್ಲಿ ಪಂಚೆ ಬಿಚ್ಚಿಹೋದಂತಾಯಿತು. ಹಾಸಿಗೆ ಸೀಳಿದ್ದು, ಹೆಂಡತಿಗೆ ಅಂದದ್ದು, ಎಲ್ಲವನ್ನೂ ಅವಳು ಆ ನೀರಿನಲ್ಲಿ ಓದಿಬಿಟ್ಟಳು ಅಂದುಕೊಂಡ. ದೋಣಿಗೆ ನೀರು ಸುರಿದು, ಹೇಳಬೇಕಾದ ಮಾತನ್ನು ಗೊಣಗಿ, ಮನೆಗೆ ಬಂದು ಬಾಗಿಲು ಹಾಕಿಕೊಂಡ. ಬೇರೆಯವರ ಕೊಡದಲ್ಲಿ ಏನಿರುತ್ತದೆ ಅಂತ ಅವನಿಗೆ ಗೊತ್ತಿಲ್ಲವಲ್ಲ. ತಾನೂ ಗೋಡೆಗೆ ತಿರುಗಿಯೇ ನಿಲ್ಲುತ್ತಿದ್ದ. ಊರಿಗೆಲ್ಲ ತನ್ನದೊಂದೇ ಕೊಳಕು ಮನೆ ಅಂತ ತೀರ್ಮಾನ ಮಾಡಿದ.

ಮುಂದಿನ ಎಂಟನೇ ದಿನ ಅವನು ತೊಟ್ಟಿಯ ನೀರನ್ನು ಮುಟ್ಟಲಿಲ್ಲ. ಅಂಗಳದಲ್ಲಿ ಕೂರಿಸಿದ್ದ ಬಾವಿ ನೀರನ್ನೇ ಒಳಗೆ ತಂದು, ಬಾಗಿಲು ಹಾಕಿ, ಒಂದಷ್ಟು ಹೊತ್ತು ಬಿಟ್ಟು, ಅದನ್ನೇ ಹೊತ್ತುಕೊಂಡು ಹೊರಗೆ ಬಂದ. ಹಿತ್ತಾಳೆ ಕೊಡವಲ್ಲ ಮತ್ತೆ, ಗಾಜಿನ ಭರಣಿ! ಮುಚ್ಚಿಡುವ ಕೆಲಸಕ್ಕೆ ಇಳಿದವನಿಗೆ ತೋರಿಸುವ ಚಪಲವೂ ಹತ್ತಿತ್ತು, ಏನು ಹೇಳೋಣ. ಜನ ಗೋಡೆಗೆ ತಿರುಗಿದರು. ಬಿಸಿಲು ಭರಣಿಯೊಳಗಿಂದ ಹಾದು, ಅವರು ನೋಡುತ್ತಿದ್ದ ಗೋಡೆಯ ಮೇಲೆಯೇ ಬೆಳಕಿನ ಒಂದು ಹಾಳೆ ಹರಡಿ ತೂಗಾಡಿತು. ಅಂಥ ಬೆಳಕನ್ನು ಆ ಬೀದಿಯ ಗೋಡೆಗಳು ಕಂಡಿರಲಿಲ್ಲ. ಅವನು ದೋಣಿ ಮುಟ್ಟುವವರೆಗೂ ಬೆಳಕು ಮನೆಯಿಂದ ಮನೆಗೆ, ಗೋಡೆಯಿಂದ ಗೋಡೆಗೆ ಅವನ ಜೊತೆ ನಡೆಯಿತು. ಅಜ್ಜಿ ಕೋಲು ಇಳಿಸಿದಳು, ಗೀರು ಮುಟ್ಟಿದಳು, ಮೂಗು ಹತ್ತಿರ ತಂದು ಇನ್ನೊಮ್ಮೆ ಮೂಸಿದಳು. ಆಮೇಲೆ ಸರಿ ಅಂದಳು.

"ಕಾಲು ಹೋಗಲಿ, ಮುಕ್ಕಾಲು ನಿಲ್ಲಲಿ" ಅಂತ ಅವನು ಈ ಸಲ ಗಟ್ಟಿಯಾಗಿ ಹೇಳಿದ.

ಊರಿನಲ್ಲಿ ಮಾತು ಎದ್ದಿತು. ಹಾಸಿಗೆಯವನ ಮನೆಯ ಹಳೇ ನೀರೇ ಹಾಗಿದ್ದರೆ ಆ ಮನೆಯೊಳಗಿನ ಬಾಳು ಹೇಗಿರಬೇಡ ಅಂದರು. ಹೆಂಡತಿಯನ್ನು ನಿಲ್ಲಿಸಿ, ಪುಣ್ಯ ಮಾಡಿದ್ದೀಯಮ್ಮ ಅಂದರು. ಅವಳು ಬಿರಬಿರನೆ ಮನೆಯ ಕಡೆ ನಡೆದಳು. ಹಾಸಿಗೆ ತುಂಬಿಸುವವರು ದೂರದಿಂದ ಹುಡುಕಿಕೊಂಡು ಬಂದರು. ಅವನು ಹೊಗಳಿಸಿಕೊಳ್ಳುವಾಗಲೆಲ್ಲ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಜನ ಅದನ್ನು ವಿನಯ ಅಂದುಕೊಂಡರು. ಅದು ನಾಚಿಕೆ ಅಂತ ಅವನಿಗೊಬ್ಬನಿಗೇ ಗೊತ್ತು. ನಾಚಿಕೆಪಟ್ಟುಕೊಂಡೇ ಅದನ್ನು ಮುಂದುವರಿಸಿದ, ಅದಕ್ಕಿಂತ ಕೆಟ್ಟದ್ದು ಯಾವುದಿದೆ.

ಒಳಗೆ ತೊಟ್ಟಿಯ ನೀರು ಬಿಳುಪು ಬಿಟ್ಟು ಹಳದಿಗೆ ಬಂತು, ಹಳದಿ ಬಿಟ್ಟು ಕಂದು ಬಣ್ಣಕ್ಕೆ ಬಂತು. ಅವನು ಅದರ ಮುಂದೆ ಹಾಸಿಗೆಯ ಪಟ್ಟೆಬಟ್ಟೆಯ ಪರದೆ ಕಟ್ಟಿದ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡತೊಡಗಿದವು. ಯಾಕೆ ಹೀಗೆ ಮಾಡುತ್ತವೆ ಅಂತ ಹೆಂಡತಿ ಕೇಳಿದ್ದಕ್ಕೆ, ಹಸಿವು, ಇನ್ನೊಂದು ಹಿಡಿ ಹಾಕು ಅಂದ. ಅವಳು ಹಾಕಿದಳು. ಅವು ತಿನ್ನಲಿಲ್ಲ, ಹಾಕಿದ್ದೆಲ್ಲ ತಳಕ್ಕೆ ಇಳಿದು ಕೊಳೆಯಿತು. ನೀರು ಯಾಕೆ ತೆಗೆಯುತ್ತಿಲ್ಲ ಅಂತ ಅವಳು ಇನ್ನೊಂದು ದಿನ ಕೇಳಿದಳು. ತೆಗೆದುಕೊಂಡು ಹೋಗಿದ್ದನ್ನು ಊರೇ ನೋಡಿತಲ್ಲ ಅಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆ ಮನೆಯಲ್ಲಿ ಮಾತು ಅನ್ನುವುದು ಉಪ್ಪು, ಸೊಪ್ಪು, ಬಾಗಿಲು ಹಾಕು ಅನ್ನುವಷ್ಟಕ್ಕೆ ಬಂದು ನಿಂತಿತು.

ಹೀಗಿರುವಾಗ ಬತ್ತಿ ಹೊಸೆಯುವವಳು ಅವನ ಜಗುಲಿಗೆ ಬಂದಳು. ಅಣ್ಣನ ಮನೆಯಲ್ಲಿ ವರ್ಷಗಟ್ಟಲೆ ಮೂಲೆಯಲ್ಲಿ ಕೂತು ದೀಪದ ಬತ್ತಿ ಹೊಸೆದು ಬದುಕಿದವಳು. ಎತ್ತಿದ್ದಕ್ಕೊಂದು ಇಟ್ಟಿದ್ದಕ್ಕೊಂದು ಮಾತು ಕೇಳಿ ಕೇಳಿ ಸಾಕಾಗಿ ಒಬ್ಬಳೇ ಮನೆ ಹೂಡಲು ಹೊರಟಿದ್ದಳು. ಬೀದಿಯ ಕೊನೆಯ ಸಣ್ಣ ಮನೆ, ಒಂದು ತೊಟ್ಟಿ, ಒಂದು ಮೀನು. ಹೆಪ್ಪು ಕೇಳಲು ಊರಿನ ಅಷ್ಟೂ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಳು.

"ನಮ್ಮಣ್ಣನ ಮನೆ ನೀರು ಕಷಾಯದ ಹಾಗಿತ್ತು. ನನ್ನ ಮನೆ ನಿಮ್ಮ ನೀರಿನಿಂದ ಶುರುವಾಗ್ಲಿ" ಅಂದಳು.

ಊರಿನ ಇನ್ನೊಂದು ಮನೆಯಲ್ಲೂ ನೀರು ಕಂದು ಅಂತ ಅವನ ಕಿವಿಗೆ ಬಿದ್ದದ್ದು ಆವಾಗಲೇ. ಅಲ್ಲೇ ಅರ್ಥವಾಗಬೇಕಿತ್ತು. ಪುಣ್ಯಾತ್ಮ ಅದನ್ನೂ ಹೊಗಳಿಕೆ ಅಂತಲೇ ಕೇಳಿಸಿಕೊಂಡ. ಇಲ್ಲ ಅನ್ನಲು ಬರುವುದಿಲ್ಲ, ಹೂಂ ಅಂದರೆ ಹೆಪ್ಪು ಅಳೆಯಲು ಬರುವ ಅಜ್ಜಿಯ ಮುಂದೆ ತೊಟ್ಟಿಯ ಪರದೆ ತೆಗೆಯಬೇಕು. ನಾಳೆ ಬೆಳಗ್ಗೆ ಅಳತೆಯಜ್ಜಿಯನ್ನು ಕರೆದುಕೊಂಡು ಬಾ ಅಂದ.

ಅವತ್ತು ಮಧ್ಯಾಹ್ನ ಹೆಂಡತಿ ಬಟ್ಟೆ ಒಗೆಯಲು ಹೋದ ಮೇಲೆ ಬಾಗಿಲು ಹಾಕಿದ. ಮೀನು ಎರಡನ್ನೂ ಚೊಂಬಿಗೆ ಹಾಕಿದ. ನಾಲ್ಕು ಕೊಡ ನೀರನ್ನೂ ಹಿತ್ತಿಲಿಗೆ ಸುರಿದ. ಎದುರುಮನೆಯಾಕೆ ಕೊಟ್ಟಿದ್ದ ಹೆಪ್ಪಿನ ಕೊನೆಯ ಹನಿಯೂ ಹೋಯಿತು. ಬೂದಿ ಹಾಕಿ, ನಾರು ಹಾಕಿ, ಗಾಜನ್ನು ಉಜ್ಜಿದ, ತಳದ ಕಲ್ಲುಗಳನ್ನು ಒಂದೊಂದಾಗಿ ಉಜ್ಜಿದ. ಕೂರಿಸಿಟ್ಟ ನೀರು ಎಲ್ಲಿ ಸಾಕಾಗಬೇಕು, ಬಾವಿಯಿಂದ ಸೇದಿದ್ದನ್ನು ಸೇದಿದ ಹಾಗೆ ತಂದು ತುಂಬಿದ. ಮೀನು ಬಿಟ್ಟ. ಅವು ಒಂದು ಸಲ ತಳದಿಂದ ಮೇಲಕ್ಕೆ ಹಾರಿದ ಹಾಗೆ ಮಾಡಿ, ಆಮೇಲೆ ಮೂಲೆಯಲ್ಲಿ ಅಲುಗಾಡದೆ ನಿಂತವು. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅಷ್ಟು ಚೆನ್ನಾಗಿ ಅದು ಎಂದೂ ಕಂಡಿರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಕೆಂಪು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಬೀದಿಯಲ್ಲಿ ಅಜ್ಜಿಯ ಕೋಲಿನ ಸದ್ದು ಆಗಲೇ ಕೇಳಿಸುತ್ತಿತ್ತು. ಅವನು ಮೀನನ್ನು ಎತ್ತಿಕೊಂಡ, ಎಲ್ಲಿಡುವುದೋ ತಿಳಿಯದೆ ಕೋಣೆಯಲ್ಲಿ ಒಂದು ಸುತ್ತು ಹಾಕಿದ. ಗೋಡೆಯ ಪಕ್ಕ ಹೆಂಡತಿಯ ಪುಟ್ಟ ತಲೆದಿಂಬು ಬಿದ್ದಿತ್ತು. ಹೊಲಿಗೆಯ ಎರಡು ಎಳೆ ಕಿತ್ತು, ಮೀನನ್ನು ಒಳಗೆ ತುರುಕಿ, ಸೂಜಿ ತೆಗೆದು ಹೊಲಿದುಬಿಟ್ಟ. ಹತ್ತಿ ಮುಟ್ಟಿದರೆ ಅದರ ವಯಸ್ಸು ಹೇಳುವ ಕೈ ಅದು, ಅವತ್ತು ಭಯಕ್ಕೆ ಏನನ್ನೂ ಹೇಳಲಿಲ್ಲ.

ಅಜ್ಜಿ ಬಂದಳು, ಬತ್ತಿಯವಳು ಬಂದಳು. ಬತ್ತಿಯವಳು ಮರ್ಯಾದೆ ಮರೆತು ತೊಟ್ಟಿಯನ್ನು ನೋಡಿ, ಇಂಥ ಮನೆಯೂ ಇರುತ್ತದಾ ಅಂತ ಕಣ್ಣು ತುಂಬಿಕೊಂಡಳು. ಮೀನು ಒಂದೇ ಇದೆಯಲ್ಲ ಅಂತ ಹೆಂಡತಿ ತೊಟ್ಟಿಯನ್ನೂ ಗಂಡನನ್ನೂ ನೋಡಿದಳು. ಬೆಕ್ಕು ಬಂದಿತ್ತು ಅಂದ, ಕೇಳದೆಯೇ. ಅಜ್ಜಿ ನೀರಿಗೆ ಬೆರಳು ಅದ್ದಿದಳು, ಮೂಸಿದಳು.

"ಇದು ನಿಂತ ನೀರೇನಪ್ಪಾ, ಹೆಪ್ಪಿಗೆ ಆಗೋ ನೀರಾ?" ಅಂತ ಕೇಳಿದಳು.

"ಹೌದು, ನಿಂತ ನೀರೇ" ಅಂದ.

ಮನೆಯವನ ಮಾತಿನ ಮೇಲೆ ಅಜ್ಜಿಯ ಕೋಲಿಗೆ ಅಧಿಕಾರವಿರಲಿಲ್ಲ. ಒಂದು ಕೊಡ ಮೊಗೆದು ಬತ್ತಿಯವಳ ತಲೆಯ ಮೇಲೆ ಇಟ್ಟರು. ಅವಳು ಒಂದು ಹನಿ ಚೆಲ್ಲದ ಹಾಗೆ, ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀದಿಯ ಕೊನೆಯವರೆಗೆ ನಡೆದಳು. ಅವನು ಬಾಗಿಲಲ್ಲಿ ನಿಂತು ನೋಡಿದ. ಕೂಗಿ ನಿಲ್ಲಿಸುವುದಕ್ಕೆ ಬೀದಿಯಷ್ಟು ಉದ್ದದ ಸಮಯವಿತ್ತು. ಅವನು ಕೂಗಲಿಲ್ಲ.

ಐದು ದಿನ ಕಳೆಯಿತು. ತೊಟ್ಟಿಯಲ್ಲಿ ಬೂದು ಮೀನು ಒಂಟಿಯಾಗಿ ಸುತ್ತುತ್ತಿತ್ತು. ಇಬ್ಬರ ಮನೆಗೆ ಒಂದೇ ಮೀನು. ಸತ್ತದ್ದು ಯಾರ ಪಾಲಿನದು ಅಂತ ಅವನು ತನ್ನನ್ನೇ ಕೇಳಿಕೊಳ್ಳದೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಕೋಣೆಯಲ್ಲಿ ಒಂದು ವಾಸನೆ ಎದ್ದಿತ್ತು. ಅವನು ಸಾಂಬ್ರಾಣಿ ಹಾಕಿದ.

ಆರನೇ ದಿನ ಬೆಳಗ್ಗೆ ಬತ್ತಿಯವಳು ಜಗುಲಿಯ ಕೆಳಗೆ ನಿಂತಿದ್ದಳು. ಮೇಲೆ ಹತ್ತಲಿಲ್ಲ. ಮೀನು ಓರೆಯಾಗಿ ಮಲಗಿದೆ, ಕಿವಿರು ಕೆಂಪಗಾಗಿದೆ, ಇವತ್ತೋ ನಾಳೆಯೋ ಅನ್ನುವಂತಿದೆ ಅಂದಳು. ದೂರಲು ಬಂದಿದ್ದಾಳೆ ಅಂತ ಅವನು ಎದೆ ಗಟ್ಟಿ ಮಾಡಿಕೊಂಡ. ದೂರಿದ್ದರೆ ಬದುಕಿಕೊಳ್ಳುತ್ತಿದ್ದ.

"ನಿಮ್ಮ ಹೆಪ್ಪಿಗೆ ಕೆಟ್ಟ ಹೆಸರು ತಂದುಬಿಟ್ಟೆ" ಅಂದಳು ಅವಳು. "ನನ್ನ ಬಾಯೇ ಸರಿಯಿಲ್ಲ, ನಾನು ಕಾಲಿಟ್ಟ ಕಡೆ ನೀರು ಕೆಡುತ್ತೆ ಅಂತ ಅಣ್ಣ ಹೇಳ್ತಿದ್ದ. ಒಬ್ಬಳೇ ಇದ್ದರೂ ಕೆಟ್ಟಿತು ಅಂದಮೇಲೆ ಅವನು ಹೇಳಿದ್ದೇ ನಿಜ." ಆಮೇಲೆ ಕೇಳಿದಳು: "ನೀವಿಬ್ಬರೂ ಮನೆಯೊಳಗೆ ಹೇಗೆ ಮಾತಾಡ್ಕೋತೀರಿ, ಅದನ್ನಾದರೂ ಹೇಳಿಕೊಡಿ. ನಾನು ಹಾಗೇ ಇರ್ತೀನಿ."

ಅವನು ನೋಡೋಣ, ಸರಿಹೋಗುತ್ತೆ ಅಂತ ಏನೋ ಗೊಣಗಿದ. ಅವಳು ಕೈಮುಗಿದು ಹೋದಳು. ಅವನು ಒಳಗೆ ಬಂದು ಗೋಡೆಗೆ ಒರಗಿ ಕೂತ. ತನ್ನ ಕೊಳೆ ಮುಚ್ಚಿಕೊಳ್ಳುವುದಕ್ಕೆ ಇನ್ನೊಬ್ಬಳ ತಲೆಗೆ ಅದನ್ನು ಹೊರಿಸಿದ್ದೇನೆ, ಅವಳು ಅದಕ್ಕೂ ಕೈಮುಗಿದಳಲ್ಲ ಅನ್ನಿಸಿತು.

ಹೆಂಡತಿ ಬಂದು ಆ ಪುಟ್ಟ ತಲೆದಿಂಬನ್ನು ಅವನ ತೊಡೆಯ ಮೇಲಿಟ್ಟಳು.

"ಆರು ದಿನದಿಂದ ಇದರ ಮೇಲೆ ತಲೆಯಿಟ್ಟು ಮಲಗ್ತಿದೀನಿ. ವಾಸನೆ ನಿಮಗೂ ಬರ್ತಿತ್ತಲ್ಲ?" ಅಂದಳು.

ಬರುತ್ತಿತ್ತು. ಪಕ್ಕದಲ್ಲೇ ಮಲಗುತ್ತಿದ್ದನಲ್ಲ. ಅವಳು ಮಗ್ಗುಲು ಬದಲಾಯಿಸುವುದೂ ಕೇಳಿಸುತ್ತಿತ್ತು. ಅವನು ಅವಳ ಮುಖ ನೋಡಲಾರದೆ ದಿಂಬನ್ನು ಎತ್ತಿಕೊಂಡು ಬೀದಿಗೆ ಇಳಿದ.

ಬೀದಿಯ ತುಂಬ ಜನ. ಕೊಡ ಹೊತ್ತು ಬಂದಿದ್ದರೆ ಗೋಡೆಗೆ ತಿರುಗುತ್ತಿದ್ದರು. ದಿಂಬು ಹಿಡಿದುಕೊಂಡು ಬಂದವನಿಗೆ ಏನು ಮಾಡಬೇಕು ಅಂತ ಮರ್ಯಾದೆಯಲ್ಲಿ ಹೇಳಿರಲಿಲ್ಲ. ಅರ್ಧ ಜನ ತಿರುಗಿದರು, ಅರ್ಧ ಜನ ತಿರುಗಬೇಕೋ ಬೇಡವೋ ಅಂತ ನಿಂತರು. ಅವನು ದೋಣಿಯ ಹತ್ತಿರ ಹೋಗಿ, ಅಜ್ಜಿಯ ಮುಂದೆ, ದಿಂಬನ್ನು ಎರಡೂ ಕೈಯಿಂದ ಹರಿದ. ವಾಸನೆ ಬೀದಿಗೆ ಬಡಿಯಿತು. ಉಳಿದ ಅರ್ಧ ಜನವೂ ತಿರುಗಿದರು.

"ತಿರುಗಬೇಡಿ" ಅಂದ. "ನೋಡಿ. ದಯವಿಟ್ಟು ನೋಡಿ."

ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರು. ನೋಡಿ ಅಭ್ಯಾಸವಿಲ್ಲದ ಜನ, ಕಣ್ಣು ಎಲ್ಲಿಡಬೇಕೋ ತಿಳಿಯದೆ ಒದ್ದಾಡಿದರು. ಅವನು ಎಲ್ಲವನ್ನೂ ಹೇಳಿದ. ಮೊದಲ ಸಲ ಹೊತ್ತ ಬಿಳೀ ನೀರು, ಭರಣಿಯಲ್ಲಿ ಹೊತ್ತ ಬಾವಿ ನೀರು, ಪರದೆ, ಬೂದಿ ಹಾಕಿ ಉಜ್ಜಿದ್ದು, ಬೆಕ್ಕಿನ ಸುಳ್ಳು. ಬತ್ತಿಯವಳ ಮನೆಗೆ ಹೋದದ್ದು ಹೆಪ್ಪಲ್ಲ, ಅವಳ ಬಾಯಿ ಕೆಟ್ಟದ್ದಲ್ಲ, ಕೆಟ್ಟದ್ದು ನನ್ನದು ಅಂದ. ಹೇಳುತ್ತ ಹೇಳುತ್ತ ಬೆರಳುಗಳು ಹತ್ತಿಯೊಳಗೆ ಮೀನನ್ನು ಹುಡುಕಿದವು. ಮೀನು ಸಿಕ್ಕಿತು, ಹುಣಸೆಯ ಸಿಪ್ಪೆಯ ಹಾಗೆ ಸುರುಟಿತ್ತು. ಜೊತೆಗೆ ಇನ್ನೊಂದೂ ಸಿಕ್ಕಿತು. ಕೈ ತಾನಾಗಿ ನಿಂತಿತು. ಹತ್ತಿ ಕೆನೆಯ ಬಣ್ಣದ್ದು, ಗಂಟುಗಂಟು. ಮೂರು ತಲೆಮಾರು ಮಲಗಿದ ಹತ್ತಿ ಅಂತ ಈ ಸಲ ಕೈ ಹೇಳಿತು. ಅವನು ಹಿತ್ತಿಲಿಗೆ ಎಸೆದದ್ದರಲ್ಲಿ ಹೆಂಡತಿ ನಾಲ್ಕು ಹಿಡಿ ಆರಿಸಿ ತಂದು ತನ್ನ ತಲೆಯ ಕೆಳಗೆ ಉಳಿಸಿಕೊಂಡಿದ್ದಳು. ಅವನು ಮೀನು ಬಚ್ಚಿಡಲು ಅದನ್ನೇ ಆರಿಸಿದ್ದ. ಅಲ್ಲಿ, ಅಷ್ಟು ಜನರ ಮುಂದೆ, ಅವನು ದೋಣಿಯ ಅಂಚಿಗೆ ಹಣೆ ಹಚ್ಚಿ ಅತ್ತ.

ಅಜ್ಜಿ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಅವನ ಭರಣಿಯ ನೀರಿಗೆ ವಾಸನೆಯೇ ಇರಲಿಲ್ಲ, ವಾಸನೆಯಿಲ್ಲದ ಮನೆ ತಾನು ಕಂಡಿಲ್ಲ, ಗೊತ್ತಿದ್ದೂ ಸುಮ್ಮನಿದ್ದೆ ಅಂದಳು. ಅಳತೆಯಷ್ಟೇ ತನ್ನ ಕೆಲಸ ಅಂತ ಕೂತದ್ದು ತಪ್ಪಾಯಿತು ಅಂತ ತಲೆ ತಗ್ಗಿಸಿದಳು.

ಎದುರುಮನೆಯಾಕೆ ಮನೆಗೆ ಹೋದಳು. ತಿರುಗಿ ಬರುವಾಗ ತಲೆಯ ಮೇಲೆ ಕೊಡವಿತ್ತು. ಬತ್ತಿಯವಳ ಮನೆಯ ಕಡೆ ಹೊರಟವಳು ಅವನ ಮುಂದೆ ನಿಂತು, ಕೊಡವನ್ನು ಸೊಂಟಕ್ಕೆ ಇಳಿಸಿದಳು. ಅವನು ಅಭ್ಯಾಸಬಲದಿಂದ ಮುಖ ತಿರುಗಿಸಲು ಹೋದ. ಅವಳು ಬಿಡಲಿಲ್ಲ. ಕೊಡದೊಳಗಿನ ನೀರು ಕಂದು ಬಣ್ಣದ್ದು, ತಳದಲ್ಲಿ ಕಸ, ಮೇಲೆ ಪಾಚಿಯ ಎರಡು ಎಳೆ.

"ಮೊದಲನೇ ತಿಂಗಳು ನನ್ನದೂ ಬೆಳ್ಳಗೇ ಇತ್ತು, ಎಲ್ಲರದೂ ಹಾಗೇ ಇರುತ್ತೆ. ಹೇಳೋಣ ಅಂತಲೇ ಅವತ್ತು ಕತ್ತು ತಿರುಗಿಸಿದ್ದೆ. ಮರ್ಯಾದೆ ಅಡ್ಡ ಬಂತು" ಅಂದಳು.

ಆ ಊರಿನಲ್ಲಿ ಶಿಕ್ಷೆ ಅನ್ನುವುದಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎದುರುಮನೆಯಾಕೆ ಬತ್ತಿಯವಳ ತೊಟ್ಟಿಯಿಂದ ಒಂದು ಕೊಡ ತೆಗೆದು ತನ್ನದೊಂದು ಕೊಡ ಸುರಿದಳು. ಒಂದೇ ಸಲಕ್ಕೆ ಪೂರ್ತಿ ಬದಲಾಯಿಸಿಬಿಡಿ ಅಂತ ಬತ್ತಿಯವಳು ಗಾಬರಿಯಿಂದ ಬೇಡಿಕೊಂಡರೆ ಅಜ್ಜಿ ಬೈದು ಸುಮ್ಮನಾಗಿಸಿದಳು. ಮಾರನೆಯ ದಿನ ಮತ್ತೊಂದು ಕೊಡ. ಮೀನು ನಾಲ್ಕು ದಿನ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವ ಹಾಗಿದ್ದು, ಐದನೇ ದಿನ ಎದ್ದು ಈಜಿತು. ಈಜುವುದು ಓರೆಯಾಗಿಯೇ. ಆ ಓರೆ ಆಮೇಲೆ ಹೋಗಲೇ ಇಲ್ಲ. ಮೂರನೇ ಎಂಟು ದಿನ ಮುಗಿದಾಗ ಊರು ಅವಳ ಬಾಗಿಲಿಗೆ ತೋರಣ ಕಟ್ಟಿತು. ಹಾಸಿಗೆಯವನು ತೋರಣ ಕಟ್ಟುವುದನ್ನು ದೂರದಿಂದ ನೋಡಿದ, ಹತ್ತಿರ ಹೋಗಲಿಲ್ಲ.

ಅವನ ತೊಟ್ಟಿಗೂ ಎದುರುಮನೆಯಾಕೆ ಮತ್ತೆ ಹೆಪ್ಪು ಸುರಿದಳು. ಈ ಸಲ ಅವನು ಕಣ್ಣು ತೆರೆದುಕೊಂಡಿದ್ದ. ದಿಂಬಿನ ಹತ್ತಿಯನ್ನು ತೊಳೆದು, ಬಿಸಿಲಿಗೆ ಹಾಕಿ, ಬಿಡಿಸಿ, ಹೆಂಡತಿ ಮಲಗುವ ಮಗ್ಗುಲಿನ ಹೊಸ ಹತ್ತಿಗೆ ಬೆರೆಸಿ ಹೊಲಿದ. ಮುಕ್ಕಾಲು ಹಳತು ಇರಬೇಕಾದ ಕಡೆ ನಾಲ್ಕು ಹಿಡಿ. ಇಷ್ಟೇ ಉಳಿದಿರೋದು ಅಂದ. ಅವಳು ಹೂಂ ಅಂದಳು. ಉಳಿದ ಮೀನು ಯಾರದು ಅಂತ ಕೊನೆಗೂ ಅವನು ಕೇಳಿದ. "ನನ್ನದು" ಅಂದಳು. ಅವನಿಗೆ ಇನ್ನೊಂದು ಮೀನು ನೀರು ನಿಂತ ಮೇಲೆ, ಅಲ್ಲಿಯವರೆಗೆ ಇಲ್ಲ ಅಂತ ಅಜ್ಜಿ ಹೇಳಿದ್ದಳು.

ಎಂಟು ದಿನಕ್ಕೊಮ್ಮೆ ಅವನು ಕೊಡ ಹೊತ್ತ. ಭರಣಿಯಲ್ಲ, ಹಿತ್ತಾಳೆ ಕೊಡ. ಅದರೊಳಗೆ ಅಕ್ಕಿ ತೊಳೆದ ಹಾಗೆ ಬೆಳ್ಳಗಿದ್ದ ನೀರು. ಜನ ಗೋಡೆಗೆ ತಿರುಗಿ ನಿಲ್ಲುತ್ತಿದ್ದರು, ಗೋಡೆಯ ಮೇಲೆ ಯಾವ ಬೆಳಕೂ ಬೀಳುತ್ತಿರಲಿಲ್ಲ. ಒಂದು ದಿನ ನೋಡಿ ಅಂದಿದ್ದಕ್ಕೆ ಊರು ತನ್ನ ಮರ್ಯಾದೆ ಬಿಟ್ಟೀತೇ? ಅವನಿಗೂ ಅದು ಬೇಕಿರಲಿಲ್ಲ. ಆದರೆ ಬತ್ತಿಯವಳು ತಿರುಗುತ್ತಿದ್ದ ರೀತಿ ಬೇರೆ. ಅವನು ಬರುವುದು ಕಂಡರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೂರು ಸಲ ಹಾಗಾಯಿತು. ಮೂರು ಸಲವೂ ಆ ಮುಚ್ಚಿದ ಬಾಗಿಲಿನ ಮುಂದೆ ಅವನ ಕೊಡ ಭಾರವಾಯಿತು.

ನಾಲ್ಕನೆಯ ಸಲ ಅವಳು ಜಗುಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬೀದಿಯ ಜನ ಗೋಡೆಗೆ ತಿರುಗಿದರು. ಅವಳು ಎದ್ದಳು, ಒಳಗೆ ಹೋಗಲಿಲ್ಲ, ತಿರುಗಲೂ ಇಲ್ಲ. ಮೆಟ್ಟಿಲಿಳಿದು ಬಂದು ಅವನ ದಾರಿಗೆ ನಿಂತಳು. ಅವನು ನಿಂತ. ಕೊಡವನ್ನು ತಲೆಯಿಂದ ಇಳಿಸಿ ಅವಳಿಗೆ ಕಾಣುವ ಹಾಗೆ ಹಿಡಿದ. ಅಂಚಿನಿಂದ ಸ್ವಲ್ಪ ನೀರು ಚೆಲ್ಲಿತು. ಅವಳು ಬಗ್ಗಿ, ಯಾವ ಅವಸರವೂ ಇಲ್ಲದೆ, ತಳ ಕಾಣುವಷ್ಟು ಹೊತ್ತು ನೋಡಿದಳು.

"ಇನ್ನೂ ಕೊಳೆ ಇದೆ" ಅಂದಳು.

"ಹೂಂ, ಇದೆ" ಅಂದ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಕೊಡವನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ದೋಣಿಯ ಕಡೆ ನಡೆದ. ಹಿಂದೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಲಿಲ್ಲ.